ಗೆರೆಯ ಕೆಳಗೆ ನಾಲ್ಕು ಬೆರಳು

ಮೊನ್ನೆ ಲಾರಿಯ ಬಂಪರಿಗೆ ಹೊಸ ದೀಪ ಕೂಡಿಸಬೇಕೆಂದು ಹಳೆಯ ಮಂಜಿನ ದೀಪಗಳನ್ನು ಬಿಚ್ಚುತ್ತಿದ್ದೆ. ಎಡಗಡೆಯ ದೀಪದ ವೈರಿಗೆ ಸುತ್ತಿದ್ದ ಕರಿ ಟೇಪು ಬಿಸಿಲಿಗೆ ಒಣಗಿ ತೊಗಟೆಯ ಹಾಗಾಗಿತ್ತು. ಚಾಕುವಿನಿಂದ ಸೀಳಿದಾಗ ಒಳಗಿನಿಂದ ಮಾಸಿದ ಮೇಣದ ತುಣುಕೊಂದು ಅಂಗೈ ಮೇಲೆ ಬಿತ್ತು. ಮೂಗಿನ ಹತ್ತಿರ ಹಿಡಿದೆ. ಮೇಣಬತ್ತಿ ಆರಿಸಿದಾಗ ಬರುತ್ತದಲ್ಲ, ಆ ವಾಸನೆ. ಅದರ ಜೊತೆ ಒಂದಿಷ್ಟು ತೊಗರಿಕಟ್ಟಿಗೆಯ ಹೊಗೆ… ಹೊಗೆಯ ವಾಸನೆ ನಿಜವಾಗಿ ಇತ್ತೋ, ನಾನೇ ಸೇರಿಸಿಕೊಂಡೆನೋ, ಹೇಳಲಾರೆ. ಏಳೆಂಟು ಮಳೆಗಾಲ ಕಂಡ ಆ ಜೋಡಣೆಯೊಳಗೆ ಒಂದು ಹನಿ ನೀರು ಹೋಗಿರಲಿಲ್ಲ. ತಾಮ್ರದ ಎಳೆಗಳು ನಿನ್ನೆ ಸುತ್ತಿದ ಹಾಗೆ ಹೊಳೆಯುತ್ತಿದ್ದವು. ವೈರಿನ ಗಂಟಿಗೆ ಕರಗಿದ ಮೇಣ ತೊಟ್ಟಿಕ್ಕಿಸಿ, ಅದು ಗಟ್ಟಿಯಾಗುವವರೆಗೆ ಊದುತ್ತ ಕೂತು, ಆಮೇಲೆ ಟೇಪು ಸುತ್ತುತ್ತಿದ್ದವರು ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಒಬ್ಬರೇ. ಅವರನ್ನು ನಾವು ಮಾಸ್ತರ ಎನ್ನುತ್ತಿದ್ದೆವು.

ನಾನು ಇಂಡಿ ಊರಿನವನು. ಇರುವುದು ಒಂದೇ ಲಾರಿ, ಓಡಿಸುವವನೂ ನಾನೇ. ನಮ್ಮ ಕಡೆಯ ನಿಂಬೆಹಣ್ಣು ಹೇರಿಕೊಂಡು ಪೇಟೆಯಿಂದ ಪೇಟೆಗೆ ತಿರುಗುವುದೇ ನನ್ನ ಬದುಕು. ನಿಂಬೆಹಣ್ಣು ತಡ ಸಹಿಸುವುದಿಲ್ಲ. ಪೇಟೆ ತೆರೆಯುವ ಹೊತ್ತಿಗೆ ಮುಟ್ಟಬೇಕೆಂದರೆ ನಸುಕಿನಲ್ಲೇ ದಾರಿ ಹಿಡಿದಿರಬೇಕು. ಬಿಸಿಲುನಾಡಿನಲ್ಲಿ ಎಂಥ ಮಂಜಪ್ಪಾ ಎಂದು ನಗುವವರು ಚಳಿಗಾಲದಲ್ಲಿ ಅಗರಖೇಡದ ಹತ್ತಿರ ಭೀಮಾ ದಂಡೆಗೆ ಬಂದು ನೋಡಬೇಕು. ಹೊಳೆಯಿಂದ ಎದ್ದ ಮಂಜು ಕಬ್ಬಿನ ಹೊಲದ ಮೇಲೆ ಕೂತು ರಸ್ತೆಯನ್ನು ನುಂಗಿಬಿಟ್ಟಿರುತ್ತದೆ. ಎದುರಿಗೆ ಬಂಡಿ ಇದೆಯೋ, ಕಬ್ಬಿನ ಟ್ರ್ಯಾಕ್ಟರು ಕೆಟ್ಟು ನಿಂತಿದೆಯೋ ಒಂದೂ ತಿಳಿಯುವುದಿಲ್ಲ. ಹೆಡ್‌ಲೈಟು ಹಾಕಿದರೆ ಆ ಬೆಳಕು ತಿರುಗಿ ನಮ್ಮ ಕಣ್ಣಿಗೇ ಬಡಿಯುತ್ತದೆ. ಅದಕ್ಕೇ ಬಂಪರಿನ ಕೆಳಗೆ ಬೇರೆ ದೀಪ ಬೇಕು. ಆ ದೀಪ ಆಯ್ದುಕೊಡಲಿಕ್ಕೆ ಮಾಸ್ತರರೇ ಬೇಕಾಗಿತ್ತು.

ಅವರ ಅಂಗಡಿ ಇದ್ದದ್ದು ಬಸವನ ಬಾಗೇವಾಡಿಯಲ್ಲಿ, ಊರಿನ ಹೊರಗೆ, ಮುಚ್ಚಿಹೋದ ಒಂದು ಅರಳೆ ಮಿಲ್ಲಿನ ಎದುರಿಗೆ. ಸಾಲೆಯಲ್ಲಿ ಕಲಿಸಿದವರೇನಲ್ಲ. ನಾಲ್ಕನೆಯ ಇಯತ್ತೆಯ ಆಚೆ ಕಲಿತವರೂ ಅಲ್ಲವಂತೆ. ಆದರೆ ಕೈಯಲ್ಲಿ ಸದಾ ಒಂದು ಸುಣ್ಣದ ಕಡ್ಡಿ, ಎದುರಿಗೆ ಮಿಲ್ಲಿನ ಉದ್ದನೆಯ ಗೋಡೆ, ಬಾಯಲ್ಲಿ ಬೈಗುಳ. ಇಷ್ಟಿದ್ದ ಮೇಲೆ ಡ್ರೈವರುಗಳು ಇನ್ನೇನೆಂದು ಕರೆದಾರು? ಬಿಳಿ ಅಂಗಿ, ಪಟ್ಟೆಯ ಪಾಯಜಾಮ, ಒಂದು ಕಡ್ಡಿ ಮುರಿದು ದಾರ ಕಟ್ಟಿದ ಕನ್ನಡಕ. ಇಂಗಳೇಶ್ವರದಿಂದ ಬೆಳಗಿನ ಬಸ್ಸಿಗೆ ಬರುವುದು, ಸಂಜೆಯ ಬಸ್ಸಿಗೆ ಹೋಗುವುದು. ಹೆಂಡತಿ ಬಹಳ ಹಿಂದೆಯೇ ತೀರಿಕೊಂಡಿದ್ದರು, ಒಬ್ಬ ಮಗಳನ್ನು ಮುದ್ದೇಬಿಹಾಳಕ್ಕೆ ಕೊಟ್ಟಿದ್ದರು. ಅಂಗಡಿಯೇ ಮನೆ ಎನ್ನುವಂಥ ಮನುಷ್ಯ.

ಅಂಗಡಿಯ ಮುಂದೆ ಎರಡು ಕಲ್ಲು ಹೂಳಿದ್ದರು. ಮುಂದಿನ ಗಾಲಿಗಳು ಆ ಕಲ್ಲುಗಳಿಗೆ ತಾಗಿ ನಿಲ್ಲಬೇಕು. ಅಲ್ಲಿಂದ ಮಿಲ್ಲಿನ ಗೋಡೆಗೆ ಇಪ್ಪತ್ತೈದು ಫೂಟು. ದೀಪ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಎತ್ತರಕ್ಕೆ ಗೋಡೆಯ ಮೇಲೆ ಸುಣ್ಣದ ಗೆರೆ ಎಳೆದು, ಪಕ್ಕದಲ್ಲಿ ಲಾರಿಯ ನಂಬರು ಬರೆಯುತ್ತಿದ್ದರು. ದೀಪ ಹೊತ್ತಿಸಿದರೆ ಬೆಳಕಿನ ಮೇಲಂಚು ಆ ಗೆರೆಯಿಂದ ನಾಲ್ಕು ಬೆರಳು ಕೆಳಗೆ ಬೀಳಬೇಕು. ಹೆಚ್ಚಿಲ್ಲ, ಕಡಿಮೆಯಿಲ್ಲ.

“ಏರಿತಂದ್ರ ಎದರಿಗಿ ಬರಾಂವ ಕುರುಡ ಆಗ್ತಾನು. ಇಳೀತಂದ್ರ ನೀ ಕುರುಡ ಆಗ್ತಿ,” ಎನ್ನುತ್ತಿದ್ದರು. ಹಾಗೆಂದು ತಮ್ಮ ನಾಲ್ಕು ಬೆರಳನ್ನು ಗೆರೆಯ ಕೆಳಗೆ ಅಡ್ಡ ಇಟ್ಟು ತೋರಿಸುತ್ತಿದ್ದರು. ದೀಪ ಸರಿಯಾಗಿ ಕೂತಿತೆಂದರೆ ಅರದಿಂದ ಒಂದು ಗೀರು ಹಾಕುವುದು. ಗೀರಿನ ಅರ್ಧ ದೀಪದ ಮೈಮೇಲೆ, ಇನ್ನರ್ಧ ಅದನ್ನು ಹಿಡಿದ ಪಟ್ಟಿಯ ಮೇಲೆ. ಮುಂದೆ ಯಾವಾಗಲಾದರೂ ಬಿಚ್ಚಿದರೆ ಎರಡೂ ಅರ್ಧ ಕೂಡಿಸಿ ಬಿಗಿದರಾಯಿತು, ದೀಪ ತನ್ನ ಜಾಗಕ್ಕೆ ಬಂದಂತೆ.

ಅವರ ಕಣ್ಣು ಯಾವಾಗ ಮಂದವಾಗತೊಡಗಿತೋ ನಮಗೆ ಯಾರಿಗೂ ಸರಿಯಾಗಿ ಗೊತ್ತಾಗಲಿಲ್ಲ. ಮೊದಮೊದಲು ಗೋಡೆಯ ಮೇಲೆ ನಂಬರು ಬರೆಯುವಾಗ ಮೂಗು ಗೋಡೆಗೆ ತಾಗುವಷ್ಟು ಬಗ್ಗುತ್ತಿದ್ದರು. ಆಮೇಲೆ ದೀಪಗಳೇ ಮೇಲೇರತೊಡಗಿದವು. ಬೆಳಕಿನ ಅಂಚು ಅವರಿಗೆ ಕಲಸಿ ಕಾಣುತ್ತಿತ್ತೇನೋ, ಸರಿಯಾಯಿತು ಎನಿಸುವಷ್ಟರಲ್ಲಿ ಬೆಳಕು ಗೆರೆಯನ್ನು ದಾಟಿ ಗೇಣು ಮೇಲೆ ಹೋಗಿರುತ್ತಿತ್ತು. ಎದುರಿನಿಂದ ಬರುವವರು ನಮ್ಮ ಅಪ್ಪ ಅಮ್ಮನನ್ನು ನೆನೆಸತೊಡಗಿದಾಗ ನಮಗೆ ತಿಳಿಯಿತು.

ತಿಳಿದ ಮೇಲೆ ಹೇಳಬೇಕಿತ್ತು. ಯಾರೂ ಹೇಳಲಿಲ್ಲ. ಮಾಸ್ತರರಿಗೆ ಹೋಗಿ ನಿಮ್ಮ ಕಣ್ಣು ಹೋಗುತ್ತಿದೆ ಎಂದು ಹೇಳುವ ಎದೆ ಯಾರಿಗಿತ್ತು? ಬೇರೆ ಕಡೆ ಹೋಗಲಿಕ್ಕೂ ಮನಸ್ಸಿಲ್ಲ, ಯಾಕೆಂದರೆ ಅವರ ವೈರಿಂಗಿನಂಥ ವೈರಿಂಗು ಇನ್ನೊಂದಿಲ್ಲ. ಹಾಗಾಗಿ ನಾವೊಂದು ಪದ್ಧತಿ ಮಾಡಿಕೊಂಡೆವು. ಇಂಗಳೇಶ್ವರದ ದಾರಿಯಲ್ಲಿ, ಊರು ದಾಟಿದ ಮೇಲೆ, ಒಂದು ಬೇವಿನ ಮರ, ಅದರ ಪಕ್ಕದಲ್ಲಿ ಒಂದು ಹಾಳುಬಿದ್ದ ಪಂಪ್‌ಹೌಸು. ಮಾಸ್ತರರ ಹತ್ತಿರ ದೀಪ ಹಾಕಿಸಿಕೊಂಡು, “ಬರೋಬ್ಬರಿ ಐತ್ರಿ ಮಾಸ್ತರ” ಎಂದು ಕೈಮುಗಿದು ಹೊರಟವರು ಅಲ್ಲಿ ಲಾರಿ ನಿಲ್ಲಿಸಿ, ಪಂಪ್‌ಹೌಸಿನ ಗೋಡೆಗೆ ಬೆಳಕು ಬಿಟ್ಟು, ದೀಪವನ್ನು ತಾವೇ ಕೆಳಗೆ ಬಗ್ಗಿಸಿಕೊಂಡು ಹೋಗುವುದು. ಸಿಂದಗಿಯ ಡ್ರೈವರೊಬ್ಬ ಆ ಗೋಡೆಯ ಗೂಡಿನಲ್ಲಿ ಬೋಲ್ಟು ಬಿಚ್ಚುವ ಹದಿಮೂರು ನಂಬರಿನ ಒಂದು ಪಾನಾ ತಂದಿಟ್ಟ, ಎಲ್ಲರಿಗೂ ಅನುಕೂಲವಾಗಲೆಂದು. ರಸ್ತೆ ಬದಿಗೆ ಬಿಟ್ಟ ಚಪ್ಪಲಿಯೂ ಉಳಿಯದ ಕಾಲದಲ್ಲಿ ಆ ಪಾನಾ ಎರಡು ವರ್ಷ ಅಲ್ಲೇ ಇತ್ತು. ನಾವು ಅಷ್ಟು ಪ್ರಾಮಾಣಿಕರು!

ಅದನ್ನು ನಾವು ಮರ್ಯಾದೆ ಎಂದುಕೊಂಡಿದ್ದೆವು. ಮುದುಕರ ಮನಸ್ಸು ನೋಯಿಸಲಿಲ್ಲ ಎಂಬ ಹೆಮ್ಮೆ ಕೂಡ ಇತ್ತು ನಮಗೆ.

ಆಗ ನಾನು ಹಳೆಯ ಲಾರಿ ಕೊಟ್ಟು ಈ ಲಾರಿ ತಂದಿದ್ದೆ. ಹೆದ್ದಾರಿಯ ಧಾಬಾದಲ್ಲಿ ಉತ್ತರದ ಕಡೆಯ ಲಾರಿಯೊಂದನ್ನು ನೋಡಿ ತಲೆ ಕೆಟ್ಟಿತ್ತು. ಅದರ ಬಂಪರಿನ ಮೇಲೆ ಎಂಟು ಕಣ್ಣಿನ ಉದ್ದನೆಯ ಎಲ್‌ಇಡಿ ಪಟ್ಟಿ, ಹಾಲಿನಂಥ ಬಿಳಿ ಬೆಳಕು. ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು ಒಂದು ಮಧ್ಯಾಹ್ನ ಮಾಸ್ತರರ ಮುಂದೆ ಹಿಡಿದೆ. ಅವರು ಮೊಬೈಲು ಇಸಿದುಕೊಂಡು ಕನ್ನಡಕಕ್ಕೆ ತಾಗುವ ಹಾಗೆ ಹಿಡಿದು ಅತ್ತಿತ್ತ ತಿರುಗಿಸಿದರು.

“ಇದನ್ನ ಬಂಪರಿಗಿ ಹಾಕಾಂವೋ, ಮದವಿ ಹಂದರಕ್ಕ ಹಾಕಾಂವೋ?”

“ಈಗ ಎಲ್ಲಾರೂ ಎಲ್‌ಇಡೀನ ಹಾಕಸ್ತಾರ್ರಿ ಮಾಸ್ತರ.”

“ಎಲ್‌ಇಡಿ ಹಾಕು, ನಾ ಏನ ಬ್ಯಾಡ ಅಂದೇನಿ? ಆರಸೂದ ಹೆಂಗಂತ ತಿಳ್ಕೊಂಡ ಹಾಕು. ಬಾ ಇಲ್ಲಿ.”

ಮಿಲ್ಲಿನ ಹಾಳು ಗೋದಾಮಿಗೆ ಕರೆದುಕೊಂಡು ಹೋದರು. ಒಳಗೆ ಹಗಲಲ್ಲೂ ಕತ್ತಲೆ. ಅಲ್ಲೊಂದು ಕೊರೆದ ತಗಡಿನ ಡಬ್ಬಿ, ಅದರಲ್ಲಿ ತೊಗರಿಕಟ್ಟಿಗೆ. ನೀರು ಚಿಮುಕಿಸಿ ಬೆಂಕಿ ಹಚ್ಚಿದರೆ ಉರಿ ಏಳದೆ ಬರೀ ಹೊಗೆ. ಐದು ನಿಮಿಷಕ್ಕೆ ಗೋದಾಮು ಭೀಮಾ ದಂಡೆಯಾಯಿತು. ಅವರ ಪರೀಕ್ಷೆಯ ಕ್ರಮ ನಮಗೆಲ್ಲ ಗೊತ್ತಿದ್ದದ್ದೇ. ಎಡಗಾಲಿನ ಚಪ್ಪಲಿ ಬಿಟ್ಟು, ಇಪ್ಪತ್ತು ಹೆಜ್ಜೆ ಆಚೆ ನೆಲದ ಮೇಲೆ ಇಟ್ಟು, ಒಂಟಿ ಚಪ್ಪಲಿಯಲ್ಲಿ ತಟ್ಟಾಡುತ್ತ ತಿರುಗಿ ಬಂದು, ಒಂದೊಂದೇ ದೀಪವನ್ನು ಬ್ಯಾಟರಿಗೆ ಹಚ್ಚುವುದು. ಚಪ್ಪಲಿ ಕಂಡರೆ ದೀಪ ಪಾಸು. ಕಾಣದಿದ್ದರೆ ನಪಾಸು.

ಮೊದಲು ನಾನು ಬಯಸಿದಂಥ ಬಿಳಿ ದೀಪ ಹಚ್ಚಿದರು. ಎದುರಿಗೆ ಹೊಗೆ ಸುಣ್ಣ ಬಳಿದ ಗೋಡೆಯ ಹಾಗೆ ಎದ್ದು ನಿಂತಿತು.

“ಏನ ಕಾಣತೈತಿ?”

“ಹೊಗಿರಿ.”

“ಮತ್ತ?”

“ಹೊಗೀನ್ರಿ.”

“ಹೋಗು, ಇದನ್ನ ಹಾಕ್ಕೊಂಡ ನಸಿಕ್ಯಾಗ ಅಗರಖೇಡಕ್ಕ ಹೋಗು. ಹೊಳಿಗೆ ನೇರ ಇಳೀತಿ.”

ಎರಡನೆಯದು ಹಳದಿ, ದುಂಡನೆಯದು. ಬೆಳಕು ಎಲ್ಲ ಕಡೆ ಚೆಲ್ಲಿತು, ಚಪ್ಪಲಿ ಕಾಣಲಿಲ್ಲ. ಮೂರನೆಯದು ಚೌಕದ ಸಣ್ಣ ದೀಪ, ಅದೂ ಹಳದಿ ಎಲ್‌ಇಡಿ. ಅದನ್ನು ನೆಲದಿಂದ ಮೊಳದೆತ್ತರಕ್ಕೆ ಹಿಡಿದರು. ಬೆಳಕು ಹೊಗೆಯ ಕೆಳಗೆ ನುಸುಳಿ ನೆಲವನ್ನು ಹಾಸಿಕೊಂಡು ಹೋಯಿತು. ಹೆಂಟೆ, ಅರಳೆಯ ಚೂರು, ಅದರಾಚೆ ಚಪ್ಪಲಿಯ ಹೆಬ್ಬೆರಳಿನ ಉಂಗುರ ಕೂಡ ಕಂಡಿತು.

“ಬಣ್ಣ ಅಷ್ಟಕ್ಕಷ್ಟ. ಬೆಳಕಿನ ತಲಿ ಚಪ್ಪಟಿ ಇರಬೇಕ, ನೆಲಕ್ಕ ಹತ್ತಿ ಹೋಗಬೇಕ. ಮಂಜ ಯಾವಾಗೂ ನೆಲ ಬಿಟ್ಟ ಒಂದೀಟ ಮ್ಯಾಲ ಇರತೈತಿ. ಅದರ ತಳಗ ಹಾಸಿ ಬಿಡಬೇಕ. ಕಾಣತೈತೇನ ನನ್ನ ಚಪ್ಪಲಿ?”

“ಕಾಣತೈತ್ರಿ.”

ಒಪ್ಪಿಕೊಂಡೆ, ಆದರೆ ಮುಖ ಊದಿಸಿಕೊಂಡೇ ಒಪ್ಪಿಕೊಂಡೆ. ಎಂಟು ಕಣ್ಣಿನ ಲಾರಿಯ ಕನಸು ಕಂಡವನಿಗೆ ಸೋಪಿನ ಡಬ್ಬಿಯಂಥ ಎರಡು ದೀಪ. ಮಾಸ್ತರರು ಚಪ್ಪಲಿ ತರಲು ಹೊಗೆಯೊಳಗೆ ನಡೆದರು. ಚಪ್ಪಲಿಯನ್ನು ದಾಟಿ ಎರಡು ಹೆಜ್ಜೆ ಮುಂದೆ ಹೋದರು. ಬರಿಗಾಲಿನಿಂದ ನೆಲ ಸವರುತ್ತ ಎಡಕ್ಕೆ ಹುಡುಕಿದರು, ಬಲಕ್ಕೆ ಹುಡುಕಿದರು. ದೀಪ ಇನ್ನೂ ಉರಿಯುತ್ತಿತ್ತು, ಚಪ್ಪಲಿ ಆ ಬೆಳಕಿನ ನಟ್ಟನಡುವೆ ಬಿದ್ದಿತ್ತು. ನಾನು ಹೋಗಿ ಅದನ್ನು ಎತ್ತಿ ಅವರ ಕಾಲಿನ ಮುಂದೆ ಇಟ್ಟೆ.

“ಹೊಗಿ ಕಣ್ಣಾಗ ಹೋತು,” ಎಂದರು.

“ಹೌದ್ರಿ, ಭಾಳ ಹೊಗಿ,” ಎಂದೆ. ಅಷ್ಟರಲ್ಲಿ ಹೊಗೆಯೆಲ್ಲ ಬಾಗಿಲಿನಿಂದ ಹೊರಗೆ ಹೋಗಿಯಾಗಿತ್ತು.

ವೈರಿಂಗಿಗೆ ಇಡೀ ಮಧ್ಯಾಹ್ನ ಹಿಡಿಯಿತು. ಅದನ್ನು ಅವರು ಕಣ್ಣಿನಿಂದಲ್ಲ, ಬೆರಳಿನಿಂದ ಮಾಡುತ್ತಿದ್ದರು. ಎಷ್ಟು ಎಳೆ, ಎಷ್ಟು ಸುತ್ತು, ಎಲ್ಲ ಬೆರಳಿಗೆ ಗೊತ್ತಿತ್ತು. ಗೋಡೆಯ ಮೇಲೆ ಗೆರೆ ಎಳೆದು ನಂಬರು ಬರೆಯುವುದೂ ಮುಗಿಯಿತು. ಇನ್ನು ದೀಪ ಕೂಡಿಸಬೇಕು ಎನ್ನುವಾಗ ನನ್ನನ್ನು ಕಳಿಸಿಬಿಟ್ಟರು.

“ನೀ ಚಾ ಕುಡದ ಬಾ. ನಾ ಕರೆಯೂತನಾ ಬರಬ್ಯಾಡ.”

ರಸ್ತೆಯಾಚೆಯ ಹೋಟೆಲಿನ ಬಾಕಿನ ಮೇಲೆ ಕೂತು ನೋಡುತ್ತಿದ್ದೆ. ಗೌಂಡಿಗಳು ಪಾಯದ ಮಟ್ಟ ನೋಡಲು ಬಳಸುತ್ತಾರಲ್ಲ, ನೀರು ತುಂಬಿದ ಉದ್ದನೆಯ ನಳಿಗೆ, ಅದನ್ನು ಎಲ್ಲಿಂದಲೋ ತಂದಿದ್ದರು. ಅದರ ಒಂದು ತುದಿ ಬಂಪರಿಗೆ, ಇನ್ನೊಂದು ತುದಿ ಗೋಡೆಗೆ. ಗೆರೆಯ ಮಟ್ಟ ಎರಡೆರಡು ಸಲ ನೋಡಿಕೊಂಡರು. ಆಮೇಲೆ ಗೆರೆಯ ಕೆಳಗೆ ನಾಲ್ಕು ಬೆರಳು ಇಟ್ಟು, ಅಲ್ಲೊಂದು ಮೊಳೆ ಹೊಡೆದು, ಮೊಳೆಯಿಂದ ದೀಪದವರೆಗೆ ಬಿಗಿಯಾಗಿ ದಾರ ಎಳೆದರು. ದೀಪದ ನೆತ್ತಿ ಚಪ್ಪಟೆಯಾಗಿತ್ತಲ್ಲ, ಅದು ದಾರಕ್ಕೆ ಸಮನಾಗುವವರೆಗೆ ಬಗ್ಗಿಸಿ, ಬೆರಳಿನಿಂದ ಸವರಿ, ಮತ್ತೆ ಬಗ್ಗಿಸಿ, ಮತ್ತೆ ಸವರಿ… ನಾನು ಚಹ ಕುಡಿಯುತ್ತ ನಕ್ಕೆ. ಮುದುಕರಿಗೆ ತಲೆ ಕೆಟ್ಟಿತು, ಲಾರಿಗೆ ಪಾಯ ತೆಗೆಯುತ್ತಿದ್ದಾರೆ ಎಂದು ಹೋಟೆಲಿನವನ ಹತ್ತಿರ ಹೇಳಿದ್ದೂ ನೆನಪಿದೆ. ಕಣ್ಣು ಕೈಕೊಟ್ಟದ್ದು ತಮಗೆ ಗೊತ್ತಾಗಿ, ಕಣ್ಣೇ ಬೇಡದ ದಾರಿಯೊಂದನ್ನು ಆ ಮನುಷ್ಯ ಒಬ್ಬರೇ ಕೂತು ಹುಡುಕಿಕೊಂಡಿದ್ದಾರೆ ಎಂದು ನನ್ನ ಮೊದ್ದು ತಲೆಗೆ ಹೊಳೆಯಲಿಲ್ಲ.

ಕರೆದಾಗ ಹೋದೆ. ಸೂರ್ಯ ಮಿಲ್ಲಿನ ಹಿಂದೆ ಇಳಿದು ಗೋಡೆಯ ಮೇಲೆ ನೆರಳು ಬಿದ್ದಿತ್ತು. ದೀಪ ಹೊತ್ತಿಸಿದರು. ಅವರ ಮುಖದಲ್ಲಿ ಎಂದೂ ಇಲ್ಲದ ಒಂದು ಅಳುಕು.

“ಈ ಸಲ ಬ್ಯಾರೆ ರೀತಿ ಹಿಡದೇನಿ ತಮ್ಮಾ. ಗ್ವಾಡಿ ಮ್ಯಾಲ ನೋಡಿ ಹೇಳು.”

ಅದೇ ಹೊತ್ತಿಗೆ ಇಂಡಿಯಿಂದ ಫೋನು. ಹಣ್ಣು ಚೀಲಕ್ಕೆ ತುಂಬಿ ಕಾಯುತ್ತಿದ್ದರು, ಎಲ್ಲಿದ್ದೀ, ಯಾವಾಗ ಬರುತ್ತೀ ಎಂದು ಗದರುತ್ತಿದ್ದರು. ನಾನು ಫೋನು ಕಿವಿಗೆ ಹಿಡಿದುಕೊಂಡು, ತಲೆ ಎತ್ತದೆ, ಎರಡು ವರ್ಷದಿಂದ ಎಲ್ಲರೂ ಹೇಳುತ್ತಿದ್ದ ಮಾತನ್ನೇ ಹೇಳಿದೆ.

“ಬರೋಬ್ಬರಿ ಐತ್ರಿ ಮಾಸ್ತರ.”

“ಐತಿ ಹೌದಲ್ಲೋ?”

“ಐತ್ರಿ.”

ಅವರು ನಕ್ಕರು. ಬೈಗುಳವಿಲ್ಲದೆ ಅವರು ಬರೀ ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅರ ತೆಗೆದುಕೊಂಡು ಎರಡೂ ದೀಪಗಳಿಗೆ ಗೀರು ಹಾಕಿದರು.

ಬೇವಿನ ಮರದ ಹತ್ತಿರ ಬಂದಾಗ ಇನ್ನೂ ಬೆಳಕಿತ್ತು. ಲಾರಿಯನ್ನು ಚಾಲೂ ಇಟ್ಟೇ ಇಳಿದು ಗೂಡಿನಿಂದ ಪಾನಾ ತೆಗೆದುಕೊಂಡೆ. ಪಂಪ್‌ಹೌಸಿನ ಗೋಡೆಗೆ ಬೆಳಕು ಬಿಟ್ಟು ನೋಡಬೇಕಿತ್ತು, ಅದೇ ಪದ್ಧತಿ. ಲಾರಿ ತಿರುಗಿಸಲು ಬೇಸರವಾಯಿತು. ಹೇಗೂ ಗೇಣು ಮೇಲಿರುತ್ತದೆ, ನೋಡುವುದೇನು ಎಂದುಕೊಂಡು ಬೋಲ್ಟು ಸಡಿಲಿಸಿ ಎರಡೂ ದೀಪಗಳ ತಲೆಯನ್ನು ರೂಢಿಯಷ್ಟು ಕೆಳಗೆ ಒತ್ತಿದೆ. ಒಂದನ್ನು ಬಿಗಿದು ಇನ್ನೊಂದಕ್ಕೆ ಪಾನಾ ಹಚ್ಚಿದ್ದೆ. ಹಿಂದಿನಿಂದ ಬಂದ ಮೋಟರ್‌ಸೈಕಲ್ಲೊಂದು ನಿಂತಿತು. ಹಾಲಿನವನ ಗಾಡಿ, ಎರಡೂ ಕಡೆ ಕ್ಯಾನು, ನಡುವೆ ಮಾಸ್ತರರು. ಆವತ್ತು ಕೆಲಸ ಚೆನ್ನಾಗಿ ಆಯಿತೆಂಬ ಖುಷಿಗೆ ಬಸ್ಸಿನ ಹಾದಿ ಕಾಯದೆ ಬೇಗ ಹೊರಟಿದ್ದರಂತೆ. ನನ್ನ ಲಾರಿಯ ಸದ್ದು ಗುರುತು ಹಿಡಿದು ನಿಲ್ಲಿಸಿದ್ದರು.

“ಯಾಕೋ ತಮ್ಮಾ, ಏನಾತು? ವೈರ್ ಸುಟ್ತೇನ?”

ಆ ದನಿಯಲ್ಲಿದ್ದ ಕಳವಳ ಇನ್ನೂ ನನ್ನ ಕಿವಿಯಲ್ಲಿದೆ. ನಾನು ಪಾನಾವನ್ನು ಬೋಲ್ಟಿಗೇ ಬಿಟ್ಟು ಪಕ್ಕಕ್ಕೆ ಸರಿದೆ. ಅವರು ಕೈ ಚಾಚಿ ಬಂಪರನ್ನು ಹುಡುಕಿದರು, ದೀಪ ಸಿಕ್ಕಿತು, ಬೋಲ್ಟಿಗೆ ಹಚ್ಚಿದ ಪಾನಾ ಸಿಕ್ಕಿತು. ಹೆಬ್ಬೆರಳು ಗೀರಿನ ಮೇಲೆ ಹೋಯಿತು. ಒಂದು ಅರ್ಧ ಒಂದು ಕಡೆ, ಇನ್ನರ್ಧ ಇನ್ನೊಂದು ಕಡೆ. ಹೆಬ್ಬೆರಳನ್ನು ಎರಡರ ನಡುವೆ ಎರಡು ಸಲ ಆಡಿಸಿದರು.

ಇದು ಗುಟ್ಟೆಂದು ಹಾಲಿನವನಿಗೆ ತಿಳಿಯದು. ಸಹಾಯ ಮಾಡುವವನಂತೆ ಹೇಳಿದ, “ಏನೂ ಆಗಿಲ್ರಿ ಮಾಸ್ತರ. ಎಲ್ಲಾ ಗಾಡ್ಯಾವ್ರೂ ಇಲ್ಲೇ ಲೈಟ ಇಳಿಸಿಕೊಂಡ ಹೊಕ್ಕಾರ್ರಿ. ಅದಕ್ಕಂತನ ಇಲ್ಲಿ ಪಾನಾ ಇಟ್ಟಾರು.”

“ಎಷ್ಟ ದಿನದಿಂದ?”

ಮಾಸ್ತರರು ನನ್ನ ಕಡೆ ತಿರುಗಿದರು. ಸರಿಯಾಗಿ ನನ್ನ ಕಡೆಯಲ್ಲ, ನನಗಿಂತ ಸ್ವಲ್ಪ ಎಡಕ್ಕೆ.

“ಅದ ಇರಲಿ. ಇವತ್ತಿಂದ ಹೇಳು. ನೋಡಿ ಬಿಚ್ಚಿದ್ಯೋ, ನೋಡದ ಬಿಚ್ಚಿದ್ಯೋ?”

ಇಷ್ಟೇ ಅವರು ಕೇಳಿದ್ದು. ನೋಡದೆ ಬಿಚ್ಚಿದೆ ಎಂದಿದ್ದರೆ ನಾಲ್ಕು ಬೈಯುತ್ತಿದ್ದರು, ಲಾರಿ ತಿರುಗಿಸಲು ಹೇಳಿ ಗೋಡೆಗೆ ಬೆಳಕು ಬಿಡಿಸುತ್ತಿದ್ದರು. ಅಲ್ಲಿ ಏನಿತ್ತೋ ಅದು ಕಾಣುತ್ತಿತ್ತು. ನಾನು ನಾಚಿಕೆಗೆ ಹೆದರಿದೆ. ಸೋಮಾರಿ ಎನಿಸಿಕೊಳ್ಳಬಾರದಲ್ಲ!

“ನೋಡೇ ಬಿಚ್ಚೇನ್ರಿ ಮಾಸ್ತರ. ಭಾಳ ಮ್ಯಾಲ ಇತ್ರಿ.”

“ಭಾಳ?”

“ಗೇಣ ಮ್ಯಾಲ ಇತ್ರಿ.”

“ಹಂಗಾರ ಆತ ಬಿಡು,” ಎಂದರು. ಪಾನಾದ ಮೇಲಿಂದ ಕೈ ತೆಗೆದು ಅಂಗಿಗೆ ಒರೆಸಿಕೊಂಡರು. ಹಾಲಿನವನು ಕೈಹಿಡಿದು ಗಾಡಿ ಹತ್ತಿಸಿಕೊಂಡ. ನಾನು ಉಳಿದ ಬೋಲ್ಟು ಬಿಗಿದು ಪಾನಾ ಗೂಡಿನಲ್ಲಿಟ್ಟು ಇಂಡಿಗೆ ಹೋದೆ. ಹಣ್ಣು ವೇಳೆಗೆ ಸರಿಯಾಗಿ ಪೇಟೆ ಮುಟ್ಟಿತು.

ಮರುದಿನದಿಂದ ಅಂಗಡಿ ತೆರೆಯಲಿಲ್ಲ. ವಾರ ಕಳೆದ ಮೇಲೆ ಮಗಳು ಬಂದು ಅವರನ್ನು ಮುದ್ದೇಬಿಹಾಳಕ್ಕೆ ಕರೆದುಕೊಂಡು ಹೋದರೆಂದು ಕೇಳಿದೆ. ಡ್ರೈವರುಗಳೆಲ್ಲ ಅಯ್ಯೋ ಪಾಪ ಎಂದರು. ಹೇಗೂ ಕಣ್ಣು ಹೋಗಿತ್ತು, ಒಂದಲ್ಲ ಒಂದು ದಿನ ಮುಚ್ಚಬೇಕಾದದ್ದೇ ಎಂದರು. ನಾನೂ ಅವರ ಜೊತೆ ಹಾಗೆಯೇ ಅಂದೆ. ಹಾಗೆ ಅಂದಾಗ ಮನಸ್ಸಿಗೆ ಹಗುರವಾಗುತ್ತಿತ್ತು.

ಒಂದು ವರ್ಷದ ಮೇಲೆ ಮುದ್ದೇಬಿಹಾಳಕ್ಕೆ ಬಾಡಿಗೆ ಬಂತು. ಹೋಗಲೋ ಬೇಡವೋ ಎನ್ನುತ್ತಲೇ ಒಂದು ಚೀಲ ನಿಂಬೆಹಣ್ಣು ಹಿಡಿದುಕೊಂಡು ಮಗಳ ಮನೆ ಹುಡುಕಿದೆ. ಮಾಸ್ತರರು ಪಡಸಾಲೆಯ ಹೊರಸಿನ ಮೇಲೆ ಕೂತಿದ್ದರು. ಕನ್ನಡಕ ಇರಲಿಲ್ಲ. ಇನ್ನು ಅದರ ಕೆಲಸವೂ ಇರಲಿಲ್ಲ. ನಾನು ಮಾತಾಡುವ ಮೊದಲೇ ಮೂಗು ಎತ್ತಿದರು.

“ನಿಂಬಿಹಣ್ಣು. ಇಂಡಿಯಾಂವ ಅದಿಯೇನ?”

“ಹೌದ್ರಿ ಮಾಸ್ತರ.”

ಚೀಲ ಇಸಿದುಕೊಂಡು ಪಕ್ಕಕ್ಕಿಟ್ಟರು. ಆಮೇಲೆ ಕೇಳಿದರು, “ಲೈಟ ಹೆಂಗ ಬೀಳತೈತಿ? ನೀ ಇಳಿಸಿದ ಮ್ಯಾಲ ಚಲೋ ಆತೇನ?”

ಚೆನ್ನಾಗಿ ಆಗಿರಲಿಲ್ಲ. ಬೆಳಕು ಬಂಪರಿನ ಮುಂದೆ ಹತ್ತು ಹೆಜ್ಜೆಗೆ ಮುಗಿದುಹೋಗುತ್ತಿತ್ತು. ಅದೇ ಚಳಿಗಾಲದಲ್ಲಿ ಅಗರಖೇಡದ ಹತ್ತಿರ ಕಬ್ಬಿನ ಬಂಡಿಯೊಂದು ಮಂಜಿನಿಂದ ಧುತ್ತೆಂದು ಎದ್ದು, ಎತ್ತಿನ ಕೊಂಬಿಗೂ ನನ್ನ ಗಾಜಿಗೂ ಗೇಣು ಉಳಿದಾಗ ಬ್ರೇಕು ಹಿಡಿದಿತ್ತು. ಆಗ ಸ್ಟೀರಿಂಗಿಗೆ ಹಣೆ ಹಚ್ಚಿಕೊಂಡು, ಎಂಥ ದೀಪ ಆರಿಸಿಕೊಟ್ಟನೋ ಆ ಕುರುಡ ಮುದುಕ ಎಂದು ಬಾಯಿತುಂಬ ಬೈದಿದ್ದೆ. ಅವರನ್ನು ನ್ಯಾಯವಾಗಿ ಬೈದೆನೆಂದೇ ತಿಳಿದಿದ್ದೆ.

“ಚಲೋ ಆಗೈತ್ರಿ,” ಎಂದೆ.

“ಆತಲಾ. ಅಷ್ಟ ಆದ್ರ ಸಾಕು.”

ಹೊರಡುವಾಗ ಮಗಳು ಬಾಗಿಲಿನವರೆಗೆ ಬಂದರು. ದನಿ ತಗ್ಗಿಸಿ ಹೇಳಿದರು, “ದಿನಾ ಕಿಡಕಿಯಿಂದ ಹೊರಸಿನ ಕಾಲಿಗೆ ದಾರ ಕಟ್ಟತಾರ್ರಿ, ಸವರಿ ನೋಡತಾರು, ಮತ್ತ ಬಿಚ್ಚತಾರು. ಏನಪ್ಪಾ ಇದು ಅಂದ್ರ, ಎಲ್ಲಿ ತಪ್ಪಿತು ಅಂತ ನೋಡಾಕತ್ತೇನಿ ಅಂತಾರು. ಏನ ತಪ್ಪೇತ್ರಿ ಅವರದು? ನಿಮಗೇನರ ಗೊತ್ತೈತೇನ್ರಿ?”

ಗೊತ್ತಿಲ್ಲ ಎಂದೆ. ಮುಂದಿನ ಮಳೆಗಾಲದಲ್ಲಿ ಅವರು ತೀರಿಕೊಂಡರು. ಸಿಂದಗಿಯ ಚಹದಂಗಡಿಯಲ್ಲಿ ಯಾರೋ ಹೇಳಿದರು, ಅದೂ ಎರಡು ತಿಂಗಳ ಮೇಲೆ…

ಇಷ್ಟು ವರ್ಷ ಆ ದೀಪಗಳನ್ನು ಸ್ವಲ್ಪ ಮೇಲೆತ್ತಿಕೊಂಡಿದ್ದರೆ ಆಗುತ್ತಿತ್ತು. ಒಂದು ಪಾನಾ, ಎರಡು ನಿಮಿಷದ ಕೆಲಸ. ಕೈ ಹೋಗಲಿಲ್ಲ. ಎತ್ತಿದರೆ ಏನು ತಿಳಿಯುತ್ತದೆಂದು ಒಳಗೊಳಗೆ ಗೊತ್ತಿತ್ತೇನೋ. ಈಗ ಹೊಸ ದೀಪ ಆಯ್ದುಕೊಂಡದ್ದು ವಿಜಯಪುರದ ದೊಡ್ಡ ಅಂಗಡಿಯಲ್ಲಿ. ಅಲ್ಲಿ ಹೊಗೆಯಿಲ್ಲ, ಚಪ್ಪಲಿಯಿಲ್ಲ. ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿ, ಬಿಳಿ ಬೇಕೋ ಹಳದಿ ಬೇಕೋ ಎಂದು ಕೇಳಿ ಡಬ್ಬಿ ಕೈಗಿಟ್ಟರು.

ಮೊನ್ನೆ ಮೇಣದ ತುಣುಕು ಕೈಗೆ ಬಿದ್ದ ಮೇಲೆ ಪಟ್ಟಿಯ ಮೇಲಿನ ಬಣ್ಣ, ಮಣ್ಣು ಕೆರೆದು ನೋಡಿದೆ. ಗೀರಿನ ಎರಡು ಅರ್ಧ ಹೆಬ್ಬೆರಳಿನಷ್ಟು ದೂರ ನಿಂತಿದ್ದವು. ಹೊಸ ಡಬ್ಬಿ ಪಕ್ಕಕ್ಕಿಟ್ಟೆ. ವೈರು ಮತ್ತೆ ಜೋಡಿಸಿದೆ. ಎರಡೂ ದೀಪಗಳ ಗೀರು ಕೂಡಿಸಿ ಬಿಗಿದೆ. ಮರುದಿನ ಖಾಲಿ ಲಾರಿ ಹೊಡೆದುಕೊಂಡು ಬಾಗೇವಾಡಿಗೆ ಹೋದೆ.

ಮಾಸ್ತರರ ಅಂಗಡಿಯಲ್ಲಿ ಈಗ ಪಂಕ್ಚರು ತಿದ್ದುವವನೊಬ್ಬ ಇದ್ದಾನೆ. ಹೂಳಿದ ಕಲ್ಲುಗಳು ಹಾಗೆಯೇ ಇವೆ, ಯಾಕೆ ಇವೆ ಎಂದು ಅವನಿಗೆ ತಿಳಿಯದು. ಮಿಲ್ಲಿನ ಗೋಡೆಯ ಮೇಲಿನ ಗೆರೆಗಳು ಬಹುಪಾಲು ಮಳೆಗೆ ತೊಳೆದುಹೋಗಿವೆ. ನನ್ನದು ಕೊನೆಯದಾದ್ದರಿಂದಲೋ ಏನೋ, ಮಸುಕಾಗಿ ಉಳಿದಿತ್ತು, ಪಕ್ಕದಲ್ಲಿ ಅರ್ಧ ಅಳಿಸಿದ ನಂಬರು. ಅದರ ಕೆಳಗೆ ತುಕ್ಕು ಹಿಡಿದ ಮೊಳೆ.

ಗಾಲಿಗಳನ್ನು ಕಲ್ಲಿಗೆ ತಾಗಿಸಿ ನಿಲ್ಲಿಸಿದೆ. ಸೂರ್ಯ ಮಿಲ್ಲಿನ ಹಿಂದೆ ಇಳಿಯುವವರೆಗೆ ಕಾಯ್ದು ದೀಪ ಹೊತ್ತಿಸಿದೆ. ಇಳಿದು ಗೋಡೆಯ ಹತ್ತಿರ ಹೋದೆ. ಹಳದಿ ಬೆಳಕಿನ ಮೇಲಂಚು ಗೋಡೆಯ ಈ ತುದಿಯಿಂದ ಆ ತುದಿಗೆ ನೇರವಾಗಿ ಬಿದ್ದಿತ್ತು. ಗೆರೆಗೂ ಅಂಚಿಗೂ ನಡುವೆ ನನ್ನ ಕೈ ಅಡ್ಡ ಇಟ್ಟೆ. ತೋರುಬೆರಳು ಗೆರೆಗೆ ತಾಗಿತು, ಕಿರುಬೆರಳು ಬೆಳಕಿಗೆ ತಾಗಿತು. ನಾಲ್ಕು ಬೆರಳು. ಹೆಚ್ಚಿಲ್ಲ, ಕಡಿಮೆಯಿಲ್ಲ.

ಎಷ್ಟು ಹೊತ್ತು ಹಾಗೆ ಕೈ ಇಟ್ಟುಕೊಂಡು ನಿಂತಿದ್ದೆನೋ. ಪಂಕ್ಚರಿನವನು ಅಂಗಡಿಯಿಂದಲೇ ಕೂಗಿದ, “ಏನ್ರಿ ಅಣ್ಣಾ, ಲೈಟ ಇಳಿಸಬೇಕೇನ್ರಿ? ಪಾನಾ ಕೊಡ್ಲೇನ?”

“ಬ್ಯಾಡೋ,” ಎಂದೆ. “ಬರೋಬ್ಬರಿ ಐತಿ.”

ಈ ಸಲ ನೋಡಿಯೇ ಹೇಳಿದ್ದೆ. ಅವನು ಹೌದ್ರಿ ಎಂದು ತಲೆಯಾಡಿಸಿ ಟ್ಯೂಬು ಉಜ್ಜತೊಡಗಿದ.